ಇಪ್ಪತ್ತೊಂಬತ್ತು ವರ್ಷಗಳ ಪ್ರಸ್ತಾಪ: ಒಂದು ಸ್ಕೀ ವಿಹಾರಧಾಮ ಮತ್ತು ಬೆಟ್ಟದ ಊರಿನ ವ್ಯಾಪಾರ

ಊರಿನ ಸಮೀಪ ದೊಡ್ಡ ಯೋಜನೆಯೊಂದು ಬರಲಿದೆಯೆಂಬ ಸುದ್ದಿ ಪತ್ರಿಕೆಯಲ್ಲಿ ಪ್ರಕಟವಾದ ಮರುದಿನವೇ ಕೆಲವು ಸದಸ್ಯ ಬಂಧುಗಳು ಲೆಕ್ಕಪರಿಶೋಧಕರ ಕಚೇರಿಗೆ ದೂರವಾಣಿ ಮಾಡುವುದುಂಟು. ರಸ್ತೆ ಬದಿಯ ನಿವೇಶನವನ್ನು ಈಗಲೇ ಕೊಳ್ಳಬಹುದೇ? ಗೋದಾಮನ್ನು ವಿಸ್ತರಿಸಬಹುದೇ? ಬ್ಯಾಂಕಿನ ಸಾಲದ ಮಿತಿಯನ್ನು ಹೆಚ್ಚಿಸಿಕೊಳ್ಳೋಣವೇ? ಈ ಪ್ರಶ್ನೆಗಳು ಸಹಜವಾದವು. ಬೇಗ ಹೋದವನಿಗೆ ಲಾಭವೆಂಬುದು ವ್ಯಾಪಾರದ ಅನುಭವ. ಆದರೆ ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಎದುರಾದ ಒಂದು ಹಳೆಯ ತತ್ವವಿದೆ. ನಿರೀಕ್ಷಿತ ಲಾಭವನ್ನು ಲೆಕ್ಕಕ್ಕೆ ತರಬಾರದು. ಸಂಭವನೀಯ ನಷ್ಟಕ್ಕೆ ಮಾತ್ರ ಮುಂಚಿತವಾಗಿ ಅವಕಾಶ ಕಲ್ಪಿಸಬೇಕು. ಇದನ್ನು ವಿವೇಕ ತತ್ವವೆನ್ನುತ್ತಾರೆ. ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿಯೇ ಇದನ್ನು ಬೋಧಿಸಲಾಗುತ್ತದೆ. ಯೋಜನೆಯ ಸುದ್ದಿ ಬಂದ ದಿನ ಮೊದಲು ಮರೆಯುವುದೂ ಇದನ್ನೇ.

ಈ ತತ್ವದ ಬೆಲೆಯನ್ನು ಮನಗಾಣಿಸುವ ಒಂದು ಪ್ರಕರಣವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಇದು ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಜಂಬೋ ಹಿಮನದಿ ವಿಹಾರಧಾಮದ ಪ್ರಕರಣ. 1991ರಲ್ಲಿ ಪ್ರಸ್ತಾಪವಾದ ಈ ಯೋಜನೆ 2020ರಲ್ಲಿ ಶಾಶ್ವತವಾಗಿ ಕೊನೆಗೊಂಡಿತು. ನಡುವಿನ 29 ವರ್ಷಗಳಲ್ಲಿ ಅಲ್ಲಿ ಒಬ್ಬ ಅತಿಥಿಯೂ ಒಂದು ರಾತ್ರಿ ತಂಗಲಿಲ್ಲ.

ಸ್ಥಳ ಪರಿಚಯ

ಬ್ರಿಟಿಷ್ ಕೊಲಂಬಿಯಾದ ಆಗ್ನೇಯ ಭಾಗದಲ್ಲಿ ಪರ್ಸೆಲ್ ಪರ್ವತಶ್ರೇಣಿಯಿದೆ. ಅದರ ಪೂರ್ವಕ್ಕೆ, ವಿಂಡರ್ಮಿಯರ್ ಸರೋವರದ ದಡದಲ್ಲಿ ಇನ್ವರ್ಮಿಯರ್ ಎಂಬ ಸಣ್ಣ ಊರಿದೆ. 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟಿರಲಿಲ್ಲ. ನೆರೆಯ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿ ನಗರದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಕ್ಯಾಲ್ಗರಿಯ ಅನುಕೂಲಸ್ಥರು ಇಲ್ಲಿ ಎರಡನೆಯ ಮನೆ ಮಾಡಿಕೊಂಡು ಬೇಸಿಗೆಯಲ್ಲಿ ಸರೋವರಕ್ಕೆ ಬರುತ್ತಾರೆ. ಸಮೀಪದಲ್ಲಿ ಪನೋರಮಾ ಎಂಬ ಸ್ಕೀ ತಾಣ 1960ರ ದಶಕದಿಂದಲೂ ನಡೆಯುತ್ತಿದೆ. ಮರದ ಉದ್ಯಮ ಮತ್ತು ಪ್ರವಾಸೋದ್ಯಮ ಆ ಕಣಿವೆಯ ಜೀವನಾಧಾರವಾಗಿದ್ದವು. ಇವುಗಳಲ್ಲಿ ಮರದ ಉದ್ಯಮ ಕ್ರಮೇಣ ಕುಗ್ಗಿತು. ಕಣಿವೆಯ ದಕ್ಷಿಣ ತುದಿಯ ಕೆನಾಲ್ ಫ್ಲಾಟ್ಸ್ ಎಂಬ ಹಳ್ಳಿಯ ಮರದ ಗಿರಣಿ 2015ರಲ್ಲಿ ಮುಚ್ಚಿತು. ಇಂತಹ ಊರಿಗೆ ಹೊಸ ಉದ್ಯೋಗದ ಮಾತು ಎಷ್ಟು ಸಿಹಿಯಾಗಿ ಕೇಳಿಸುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಪ್ರಸ್ತಾಪವೇನು?

ವ್ಯಾಂಕೂವರ್ ನಗರದ ವಾಸ್ತುಶಿಲ್ಪಿ ಒಬೆರ್ಟೊ ಒಬೆರ್ಟಿ ಅವರು ಇನ್ವರ್ಮಿಯರ್‌ನಿಂದ ಪಶ್ಚಿಮಕ್ಕೆ ಸುಮಾರು 55 ಕಿಲೋಮೀಟರ್ ದೂರದ ಜಂಬೋ ಕಣಿವೆಯಲ್ಲಿ ವರ್ಷವಿಡೀ ನಡೆಯುವ ಸ್ಕೀ ಧಾಮವನ್ನು ಕಲ್ಪಿಸಿದರು. ಸ್ಕೀ ಎಂದರೆ ಹಿಮದ ಇಳಿಜಾರಿನಲ್ಲಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಜಾರುವ ಕ್ರೀಡೆ. ಸಾಮಾನ್ಯವಾಗಿ ಇದು ಚಳಿಗಾಲದ ನಾಲ್ಕೈದು ತಿಂಗಳ ವ್ಯವಹಾರ. ಜಂಬೋ ಕಣಿವೆಯ ಮೇಲ್ಭಾಗದಲ್ಲಿ ಹಿಮನದಿಗಳಿರುವುದರಿಂದ ಬೇಸಿಗೆಯಲ್ಲಿಯೂ ಆಟ ನಡೆಸಬಹುದೆಂಬುದೇ ಯೋಜನೆಯ ವಿಶೇಷ ಆಕರ್ಷಣೆಯಾಗಿತ್ತು.

ಅಂತಿಮ ರೂಪದ ಯೋಜನೆಯಲ್ಲಿ ನೌಕರರ ವಸತಿಯೂ ಸೇರಿ ಸುಮಾರು 6,250 ಹಾಸಿಗೆಗಳು, ಇಪ್ಪತ್ತಕ್ಕೂ ಹೆಚ್ಚು ಲಿಫ್ಟ್‌ಗಳು, ಹೋಟೆಲು, ಅಂಗಡಿ ಮುಂಗಟ್ಟುಗಳು ಇದ್ದವು. ಅಂದಾಜು ವೆಚ್ಚ 45 ಕೋಟಿ ಕೆನಡಾ ಡಾಲರ್. ಸುಮಾರು 750ರಿಂದ 800 ಖಾಯಂ ಉದ್ಯೋಗಗಳು ಸೃಷ್ಟಿಯಾಗುವುವೆಂದು ಪ್ರವರ್ತಕರು ಹೇಳಿದರು. ಮೂರು ಸಾವಿರ ಜನರ ಊರಿನ ಹಿಂದೆ ಆರು ಸಾವಿರ ಹಾಸಿಗೆಗಳ ಮತ್ತೊಂದು ಊರು! ಪ್ರಸ್ತಾಪದ ಗಾತ್ರ ಇದರಿಂದ ಅರ್ಥವಾಗುತ್ತದೆ.

ಸ್ಕೀ ಧಾಮದ ಆದಾಯದ ಮೂಲ

ಮೇಲ್ನೋಟಕ್ಕೆ ಸ್ಕೀ ಧಾಮವು ಲಿಫ್ಟ್ ಟಿಕೆಟ್ ಮಾರಿ ಬದುಕುವ ಸಂಸ್ಥೆಯೆಂದು ತೋರುತ್ತದೆ. ಲೆಕ್ಕಪತ್ರ ತೆರೆದು ನೋಡಿದರೆ ಚಿತ್ರ ಬೇರೆ. ಲಿಫ್ಟ್, ಹಿಮ ಸಮತಟ್ಟು ಮಾಡುವ ಯಂತ್ರ, ಹಿಮಪಾತ ನಿಯಂತ್ರಣ, ವಿಮೆ, ಸುರಕ್ಷತಾ ಸಿಬ್ಬಂದಿ ಇವೆಲ್ಲವೂ ಸ್ಥಿರ ವೆಚ್ಚಗಳು. ಹತ್ತು ಜನ ಬಂದರೂ ಸಾವಿರ ಜನ ಬಂದರೂ ವೆಚ್ಚ ಹೆಚ್ಚು ಕಡಿಮೆ ಅಷ್ಟೇ. ಹಿಮ ಬೀಳದ ವರ್ಷವಾಗಲಿ, ಆರ್ಥಿಕ ಹಿಂಜರಿತದ ವರ್ಷವಾಗಲಿ ಬಂದರೆ ನಷ್ಟ ತಪ್ಪದು. ಆದ್ದರಿಂದ ಉತ್ತರ ಅಮೆರಿಕದ ಹೊಸ ಸ್ಕೀ ಧಾಮಗಳ ಹೂಡಿಕೆ ಮುಖ್ಯವಾಗಿ ಹಿಂದಿರುಗುವುದು ತಪ್ಪಲಿನ ಜಮೀನು, ವಿಲ್ಲಾ ಮತ್ತು ವಸತಿ ಘಟಕಗಳ ಮಾರಾಟದಿಂದ. ಬ್ರಿಟಿಷ್ ಕೊಲಂಬಿಯಾದ ನೀತಿಯೂ ಇದಕ್ಕೆ ಅನುಗುಣವಾಗಿದೆ. ಪರ್ವತ ಸರ್ಕಾರದ್ದು, ಪ್ರವರ್ತಕರು ಲಿಫ್ಟ್‌ಗಳನ್ನು ಕಟ್ಟಿದ ಪ್ರಮಾಣಕ್ಕೆ ತಕ್ಕಂತೆ ತಪ್ಪಲಿನ ಸರ್ಕಾರಿ ಜಮೀನನ್ನು ಕೊಳ್ಳುವ ಹಕ್ಕು ಪಡೆಯುತ್ತಾರೆ.

ಅಂದರೆ ಸ್ಕೀ ಧಾಮವು ಅರ್ಧ ಕ್ರೀಡಾ ಉದ್ಯಮ, ಅರ್ಧ ಗೃಹ ನಿರ್ಮಾಣ ಉದ್ಯಮ. ಗೃಹ ನಿರ್ಮಾಣದ ಮಾರುಕಟ್ಟೆ ಬಿದ್ದರೆ ಕ್ರೀಡೆಯೂ ನಿಲ್ಲುತ್ತದೆ. ಸಮೀಪದ ಊರಿನ ವ್ಯಾಪಾರಿ ಇದನ್ನು ಮೊದಲು ತಿಳಿದಿರಬೇಕು.

ಊರಿನ ಖಾತೆ: ಜಮೆ ಮತ್ತು ಖರ್ಚು

ಇಂತಹ ಧಾಮದಿಂದ ಊರಿಗೆ ಬರುವ ಲಾಭವನ್ನು ಜಮೆಯ ಬದಿಯಲ್ಲಿ ಬರೆಯೋಣ. ನಿರ್ಮಾಣದ ವರ್ಷಗಳಲ್ಲಿ ಸಾಮಗ್ರಿ, ಸಾಗಾಣಿಕೆ, ದುರಸ್ತಿ ಮತ್ತು ಊಟೋಪಚಾರದ ವ್ಯವಹಾರ, ನಂತರದ ವರ್ಷಗಳಲ್ಲಿ ನೌಕರರ ಸಂಬಳದಿಂದ ಊರಿನ ಅಂಗಡಿಗಳಿಗೆ ಬರುವ ಹಣ, ಸ್ಥಿರಾಸ್ತಿಯ ಮೌಲ್ಯವರ್ಧನೆ, ಯುವಕರಿಗೆ ಊರಿನಲ್ಲಿಯೇ ಕೆಲಸ. ಇವು ಅಲ್ಪವೇನಲ್ಲ.

ಖರ್ಚಿನ ಬದಿಯನ್ನೂ ಬರೆಯಬೇಕು. ಧಾಮವು 55 ಕಿಲೋಮೀಟರ್ ದೂರದಲ್ಲಿದ್ದು, ಹಾಸಿಗೆ, ಊಟ, ಅಂಗಡಿ ಎಲ್ಲವನ್ನೂ ತನ್ನೊಳಗೇ ಹೊಂದಿರುತ್ತದೆ. ಆದ್ದರಿಂದ ಅತಿಥಿಯ ಹಣದ ದೊಡ್ಡ ಪಾಲು ಧಾಮದೊಳಗೇ ಉಳಿಯುತ್ತದೆ. ಊರಿನ ಪಾಲಿಗೆ ಬರುವುದು ಮುಖ್ಯವಾಗಿ ನೌಕರನ ಸಂಬಳ. ಆ ನೌಕರನಿಗಾಗಿ ಊರಿನ ಅಂಗಡಿ, ಹೋಟೆಲು, ಕಾರ್ಯಾಗಾರಗಳು ಧಾಮದೊಡನೆ ಪೈಪೋಟಿ ನಡೆಸಬೇಕು. ಕೂಲಿ ಏರುತ್ತದೆ, ಮನೆ ಬಾಡಿಗೆ ಏರುತ್ತದೆ, ಮಳಿಗೆಯ ಬಾಡಿಗೆಯೂ ಏರುತ್ತದೆ. ಸ್ವಂತ ಕಟ್ಟಡವಿರುವ ವ್ಯಾಪಾರಿಗೆ ಇದು ಲಾಭ. ಬಾಡಿಗೆ ಮಳಿಗೆಯವನಿಗೆ ನಷ್ಟ. ಒಂದೇ ಬೀದಿಯ ಇಬ್ಬರು ವರ್ತಕರು ಒಂದೇ ಯೋಜನೆಯನ್ನು ಎರಡು ಕಣ್ಣಿನಿಂದ ನೋಡುವುದಕ್ಕೆ ಇದೇ ಕಾರಣ.

ಇನ್ನೊಂದು ವಿಷಯವಿದೆ. ಹೊಸ ಉದ್ಯಮ ಬರುವ ಸ್ಥಳ ಯಾವಾಗಲೂ ಖಾಲಿಯಾಗಿರುವುದಿಲ್ಲ. ಪನೋರಮಾದಲ್ಲಿ ನೆಲೆಗೊಂಡಿದ್ದ ಸಂಸ್ಥೆಯೊಂದು ಸ್ಕೀ ಆಟಗಾರರನ್ನು ಹೆಲಿಕಾಪ್ಟರಿನಲ್ಲಿ ಅದೇ ಪರ್ವತಗಳಿಗೆ ಕರೆದೊಯ್ಯುವ ವ್ಯವಹಾರ ನಡೆಸುತ್ತಿತ್ತು. ತನ್ನ ವ್ಯವಹಾರಕ್ಕೆ ಧಕ್ಕೆಯಾಗುತ್ತದೆಂದು ಅದು ನ್ಯಾಯಾಲಯದ ಮೆಟ್ಟಿಲೇರಿತು. 2007ರಲ್ಲಿ ಮೇಲ್ಮನವಿಯಲ್ಲಿಯೂ ಅದಕ್ಕೆ ಜಯ ದೊರೆಯಲಿಲ್ಲ. ಹೊಸದರಿಂದ ಬರುವ ಉದ್ಯೋಗವನ್ನು ಎಣಿಸುವಾಗ ಹಳೆಯದರಿಂದ ಹೋಗುವುದನ್ನು ಕಳೆಯಬೇಕೆಂಬುದನ್ನು ಯೋಜನಾ ವರದಿಗಳು ಸಾಮಾನ್ಯವಾಗಿ ಮರೆಯುತ್ತವೆ.

ಅನುಮತಿಗಳ ಹಾದಿ

ಯೋಜನೆಗೆ ಪರಿಸರ ಪ್ರಮಾಣಪತ್ರ ದೊರೆತದ್ದು 2004ರ ಅಕ್ಟೋಬರ್ 12ರಂದು, ಪ್ರಸ್ತಾಪವಾಗಿ 13 ವರ್ಷಗಳ ನಂತರ. ಅದಕ್ಕೆ 195 ಷರತ್ತುಗಳಿದ್ದವು. ಐದು ವರ್ಷಗಳೊಳಗೆ ಕಾಮಗಾರಿಯನ್ನು ಗಣನೀಯವಾಗಿ ಆರಂಭಿಸಬೇಕು. ಒಂದು ಬಾರಿ ಮಾತ್ರ ಅವಧಿ ವಿಸ್ತರಣೆಗೆ ಅವಕಾಶ. 2009ರಲ್ಲಿ ಆ ವಿಸ್ತರಣೆಯೂ ದೊರೆತು ಗಡುವು 2014ರ ಅಕ್ಟೋಬರ್ 12ಕ್ಕೆ ನಿಗದಿಯಾಯಿತು. ಸರ್ಕಾರದೊಡನೆ ಮುಖ್ಯ ಅಭಿವೃದ್ಧಿ ಒಪ್ಪಂದಕ್ಕೆ ಅನುಮೋದನೆ ದೊರೆತದ್ದು 2012ರ ಮಾರ್ಚಿನಲ್ಲಿ. ಅಷ್ಟರಲ್ಲಿ ಹತ್ತು ವರ್ಷಗಳ ಪೈಕಿ ಏಳೂವರೆ ವರ್ಷ ಕಳೆದುಹೋಗಿದ್ದವು.

ಅದೇ ವರ್ಷದ ನವೆಂಬರಿನಲ್ಲಿ ಪ್ರಾಂತ್ಯ ಸರ್ಕಾರವು ಜಂಬೋ ಕಣಿವೆಗೆ ಪ್ರತ್ಯೇಕ ಪುರಸಭೆಯನ್ನು ಘೋಷಿಸಿತು. 2013ರಲ್ಲಿ ಅದು ಅಸ್ತಿತ್ವಕ್ಕೆ ಬಂದಿತು. ಅದಕ್ಕೆ ನೇಮಕಗೊಂಡ ಅಧ್ಯಕ್ಷರಿದ್ದರು, ಇಬ್ಬರು ಸದಸ್ಯರಿದ್ದರು. ನಿವಾಸಿ ಒಬ್ಬನೂ ಇರಲಿಲ್ಲ. ಮತದಾರರಿಲ್ಲದ ಈ ಪುರಸಭೆ ಪ್ರಾಂತ್ಯದಾದ್ಯಂತ ಟೀಕೆಗೆ ಗುರಿಯಾಯಿತು.

ಗಡುವಿನ ದಿನಕ್ಕೆ ಸ್ಥಳದಲ್ಲಿ ಕಂಡದ್ದೇನು? ಎರಡು ಕಟ್ಟಡಗಳ ಕಾಂಕ್ರೀಟ್ ತಳಪಾಯ ಮತ್ತು ಕೆಲವು ಪೂರ್ವಸಿದ್ಧತೆಯ ಕೆಲಸಗಳು. ಆ ತಳಪಾಯಗಳೂ ಹಿಮಕುಸಿತದ ಅಪಾಯವಿರುವ ಜಾಗದಲ್ಲಿವೆಯೆಂಬ ಆಕ್ಷೇಪ ಬಂದಿತು. 2015ರ ಜೂನ್ ತಿಂಗಳಲ್ಲಿ ಪರಿಸರ ಸಚಿವೆ ಮೇರಿ ಪೋಲಕ್ ಅವರು ಕಾಮಗಾರಿ ಗಣನೀಯವಾಗಿ ಆರಂಭವಾಗಿಲ್ಲವೆಂದು ತೀರ್ಮಾನಿಸಿದರು, ಪ್ರಮಾಣಪತ್ರ ರದ್ದಾಯಿತು. ಪ್ರವರ್ತಕರು ಹೊಸ ಪರಿಸರ ಪರಿಶೀಲನೆಯ ಅಗತ್ಯವಿಲ್ಲದಂತೆ 2,000 ಹಾಸಿಗೆಗಳಿಗಿಂತ ಚಿಕ್ಕದಾದ ಯೋಜನೆಯ ಮಾತನಾಡಿದರು, ನ್ಯಾಯಾಲಯಕ್ಕೂ ಹೋದರು. 2018ರಲ್ಲಿ ಅವರ ಪರ ತೀರ್ಪು ಬಂದಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿ ಸಚಿವೆಯ ತೀರ್ಮಾನವನ್ನೇ ಎತ್ತಿಹಿಡಿಯಿತು.

ಲೆಕ್ಕಕ್ಕೆ ಸಿಗದ ಆಸ್ತಿ

ಜಂಬೋ ಕಣಿವೆಗೆ ಅಲ್ಲಿನ ಮೂಲನಿವಾಸಿಗಳಾದ ಕ್ಟುನಾಹ ಜನರ ಭಾಷೆಯಲ್ಲಿ ಕಾತ್ಮುಕ್ ಎಂಬ ಹೆಸರಿದೆ. ಅದು ಗ್ರಿಝ್ಲಿ ಕರಡಿಯ ಚೇತನದ ನೆಲೆಯೆಂಬುದು ಅವರ ನಂಬಿಕೆ. 2010ರಲ್ಲಿ ಅವರು ಈ ನಂಬಿಕೆಯನ್ನು ಅಧಿಕೃತ ಘೋಷಣೆಯ ರೂಪದಲ್ಲಿ ಪ್ರಕಟಿಸಿದರು. ಶಾಶ್ವತ ಕಟ್ಟಡಗಳು ಬಂದರೆ ಚೇತನವು ಕಣಿವೆಯನ್ನು ತ್ಯಜಿಸುತ್ತದೆಂಬುದು ಅವರ ವಾದವಾಗಿತ್ತು. 2017ರ ನವೆಂಬರಿನಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಸಂವಿಧಾನವು ನಂಬುವ ಮತ್ತು ಆಚರಿಸುವ ಸ್ವಾತಂತ್ರ್ಯವನ್ನು ರಕ್ಷಿಸುತ್ತದೆಯೇ ಹೊರತು ನಂಬಿಕೆಯ ವಸ್ತುವನ್ನಲ್ಲವೆಂದು ಬಹುಮತದ ತೀರ್ಪು ಹೇಳಿತು. ಹೀಗೆ ಯೋಜನೆಗೆ ನೀಡಿದ ಒಪ್ಪಿಗೆ ನ್ಯಾಯಾಲಯದಲ್ಲಿ ಉಳಿಯಿತು. ಆದರೆ ಆ ಹೊತ್ತಿಗೆ ಪರಿಸರ ಪ್ರಮಾಣಪತ್ರವೇ ಇರಲಿಲ್ಲ. ಸ್ಥಳೀಯರಲ್ಲಿಯೂ ಅನೇಕರು ಮೊದಲಿನಿಂದಲೂ ವಿರೋಧಿಸುತ್ತಿದ್ದರು.

ನಮ್ಮ ದೇಶದಲ್ಲಿಯೂ ಇದಕ್ಕೆ ಹತ್ತಿರದ ಉದಾಹರಣೆಯಿದೆ. ಹೆನ್ರಿ ಫೋರ್ಡ್ ಅವರ ಮರಿಮೊಮ್ಮಗ ಆಲ್‌ಫ್ರೆಡ್ ಫೋರ್ಡ್ ಅವರ ನೇತೃತ್ವದಲ್ಲಿ ಮನಾಲಿಯ ಸಮೀಪ ಸುಮಾರು 30 ಕೋಟಿ ಅಮೆರಿಕನ್ ಡಾಲರ್ ವೆಚ್ಚದ ಹಿಮಾಲಯನ್ ಸ್ಕೀ ವಿಲೇಜ್ ಯೋಜನೆಗೆ 2005ರಲ್ಲಿ ಹಿಮಾಚಲ ಪ್ರದೇಶ ಸರ್ಕಾರದೊಡನೆ ಒಡಂಬಡಿಕೆಯಾಯಿತು. 2006ರಲ್ಲಿ ಕುಲ್ಲು ಕಣಿವೆಯ ದೇವತೆಗಳ ಸಭೆ ನಗ್ಗರ್‌ನಲ್ಲಿ ಸೇರಿತು. ದೇವತೆಗಳ ವಕ್ತಾರರ ಮೂಲಕ ಯೋಜನೆಗೆ ವಿರೋಧ ವ್ಯಕ್ತವಾಯಿತು. ಆ ಧಾಮವೂ ನಿರ್ಮಾಣವಾಗಲಿಲ್ಲ. ನಂಬಿಕೆಯನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಸ್ಥಳೀಯರ ಒಪ್ಪಿಗೆಯಿಲ್ಲದಿರುವುದು ಯೋಜನೆಯ ವೆಚ್ಚವನ್ನು ಹೆಚ್ಚಿಸುವ ಅಂಶವೆಂಬುದನ್ನು ಲೆಕ್ಕಿಗನಾಗಿ ಗುರುತಿಸಲೇಬೇಕು. ಕಾಗದದ ಮೇಲಿನ ಅನುಮತಿಯೊಂದನ್ನೇ ನೋಡಿ ನಿರ್ಧರಿಸುವ ವ್ಯಾಪಾರಿ ಅರ್ಧ ಲೆಕ್ಕವನ್ನು ಮಾತ್ರ ನೋಡಿರುತ್ತಾನೆ.

ಮುಕ್ತಾಯ ಮತ್ತು ಹೋಲಿಕೆ

2020ರ ಜನವರಿಯಲ್ಲಿ ಸುಮಾರು 2.1 ಕೋಟಿ ಡಾಲರ್ ನಿಧಿಯ ವ್ಯವಸ್ಥೆಯೊಂದಿಗೆ ಪ್ರವರ್ತಕರ ಹಕ್ಕುಗಳನ್ನು ಕೊನೆಗೊಳಿಸಿ, ಕಣಿವೆಯನ್ನು ಕ್ಟುನಾಹ ಜನರ ನೇತೃತ್ವದ ಸಂರಕ್ಷಿತ ಪ್ರದೇಶವಾಗಿಸುವ ನಿರ್ಧಾರ ಪ್ರಕಟವಾಯಿತು. ಅದರಲ್ಲಿ ಸುಮಾರು 1.6 ಕೋಟಿ ಡಾಲರ್ ಕೆನಡಾದ ಕೇಂದ್ರ ಸರ್ಕಾರದ್ದು. ಉಳಿದದ್ದು ದತ್ತಿ ಪ್ರತಿಷ್ಠಾನಗಳದ್ದು. ನಿವಾಸಿಗಳಿಲ್ಲದ ಪುರಸಭೆಯನ್ನು 2021ರಲ್ಲಿ ವಿಸರ್ಜಿಸಲಾಯಿತು.

ಯೋಜನೆ ಬಂದಿದ್ದರೆ ಏನಾಗುತ್ತಿತ್ತು? ಇದಕ್ಕೆ ಅದೇ ಪ್ರಾಂತ್ಯದ ರೆವೆಲ್‌ಸ್ಟೋಕ್ ಎಂಬ ಊರನ್ನು ನೋಡಬಹುದು. ರೈಲ್ವೆ ಮತ್ತು ಮರದ ಉದ್ಯಮದ ಈ ಸಣ್ಣ ಪಟ್ಟಣದ ಪಕ್ಕದಲ್ಲಿಯೇ 2007ರ ಡಿಸೆಂಬರಿನಲ್ಲಿ ದೊಡ್ಡ ಸ್ಕೀ ಧಾಮ ಆರಂಭವಾಯಿತು. ಮರುವರ್ಷವೇ ಜಾಗತಿಕ ಆರ್ಥಿಕ ಬಿಕ್ಕಟ್ಟು ಬಂದು ಮನೆಗಳ ಮಾರಾಟ ಕುಸಿಯಿತು. ಧಾಮದ ಒಡೆತನ ಬೇರೆಯವರ ಕೈ ಸೇರಿತು. ಧಾಮ ಮಾತ್ರ ಉಳಿದು ಬೆಳೆಯಿತು, ಊರಿಗೆ ಹೆಸರು ಮತ್ತು ವ್ಯಾಪಾರ ತಂದಿತು. ಅದರೊಡನೆ ಮನೆಗಳ ಬೆಲೆ ಏರಿ ದುಡಿಯುವವರಿಗೆ ಬಾಡಿಗೆ ಮನೆ ಸಿಗದ ಸಮಸ್ಯೆಯೂ ಬಂದಿತು. ಆದುದರಿಂದ ಯೋಜನೆಗಳೆಲ್ಲ ಕೆಟ್ಟವೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಬರುವ ಯೋಜನೆಯೂ ಮೊದಲ ಒಡೆಯನ ಕೈಯಲ್ಲಿ, ಹೇಳಿದ ದಿನಕ್ಕೆ, ಹೇಳಿದ ಗಾತ್ರದಲ್ಲಿ ಬರುವುದೆಂಬ ಖಾತರಿಯಿಲ್ಲವೆಂಬುದಷ್ಟೇ ಗಮನಿಸಬೇಕಾದ ಅಂಶ.

ಇನ್ವರ್ಮಿಯರ್ ಕೂಡ ನಿಂತಲ್ಲೇ ನಿಲ್ಲಲಿಲ್ಲ. 2021ರ ಜನಗಣತಿಯ ಹೊತ್ತಿಗೆ ಅದರ ಜನಸಂಖ್ಯೆ ಸುಮಾರು 3,900ಕ್ಕೆ ಏರಿತ್ತು. ಯೋಜನೆ ಬರದಿದ್ದರೂ, ಇದ್ದ ಸರೋವರ, ಇದ್ದ ಪನೋರಮಾ ಮತ್ತು ಇದ್ದ ಗಿರಾಕಿಗಳು ಆ ಊರಿಗೆ ಉಳಿದಿದ್ದರು.

ಕಾಯುವಿಕೆಯ ಬೆಲೆ

ಈ ಸಂದರ್ಭದಲ್ಲಿ ನನ್ನ ಕಕ್ಷಿದಾರರೊಬ್ಬರ ಅನುಭವವನ್ನು ಹೇಳಬಹುದು. ಅವರು ಮಲೆನಾಡಿನ ಒಂದು ಊರಿನಲ್ಲಿ ಕಟ್ಟಡ ಸಾಮಗ್ರಿಗಳ ವ್ಯಾಪಾರಿ. ಊರಿನ ಸಮೀಪ ದೊಡ್ಡ ಪ್ರವಾಸಿ ಯೋಜನೆ ಬರುವುದೆಂಬ ಸುದ್ದಿ ನಂಬಿ ಸಾಲದ ಹಣದಿಂದ ರಸ್ತೆ ಬದಿಯ ನಿವೇಶನ ಕೊಂಡರು, ಗೋದಾಮು ಕಟ್ಟಿದರು. ಯೋಜನೆ ಬರಲಿಲ್ಲ. ಬರುವುದಿಲ್ಲವೆಂದೂ ಯಾರೂ ಹೇಳಲಿಲ್ಲ. ಪ್ರತಿ ವರ್ಷವೂ ಮುಂದಿನ ವರ್ಷದ ಮಾತು. ಎಂಟು ವರ್ಷ ಅವರು ಬಡ್ಡಿ ಕಟ್ಟಿದರು. ಆ ಬಡ್ಡಿಯನ್ನು ದುಡಿದುಕೊಟ್ಟದ್ದು ಪೇಟೆಯ ಹಳೆಯ ಅಂಗಡಿ. ದುಡಿಯುವ ಬಂಡವಾಳ ಸಾಲದೆ ಆ ಅಂಗಡಿಯ ದಾಸ್ತಾನು ಕ್ರಮೇಣ ತೆಳುವಾಯಿತು. ಕೇಳಿದ ಸರಕು ಸಿಗದಾಗ ಹಳೆಯ ಗಿರಾಕಿಗಳು ಬೇರೆ ಕಡೆ ಹೋದರು. ಕೊನೆಗೆ ನಿವೇಶನ ಮಾರಿ ಸಾಲ ತೀರಿಸಿದಾಗ ಅವರು ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: "ಸ್ವಾಮಿ, ಯೋಜನೆ ರದ್ದಾಯಿತೆಂದು ನಮಗೆ ಒಂದು ಕಾಗದ ಬರೆಯುವುದು ಯಾರ ಕೆಲಸ?" ಅದು ಯಾರ ಕೆಲಸವೂ ಅಲ್ಲ.

ಲೆಕ್ಕ ಹೀಗಿದೆ. ರೂ. 10 ಲಕ್ಷವನ್ನು ಶೇಕಡಾ 12ರ ವಾರ್ಷಿಕ ಚಕ್ರಬಡ್ಡಿಯಲ್ಲಿ ಸಾಲ ತಂದು ನಿವೇಶನದಲ್ಲಿ ತೊಡಗಿಸಿದರೆ, ಎಂಟು ವರ್ಷಗಳ ನಂತರ ಅದು ರೂ. 24.76 ಲಕ್ಷಕ್ಕೆ ಮಾರಾಟವಾದರೆ ಮಾತ್ರ ಲಾಭವೂ ಇಲ್ಲ ನಷ್ಟವೂ ಇಲ್ಲ. ಜಂಬೋ ಯೋಜನೆಯಂತೆ 29 ವರ್ಷ ಕಾದರೆ ಆ ಮೊತ್ತ ರೂ. 2.67 ಕೋಟಿ ದಾಟುತ್ತದೆ. ನಿವೇಶನದ ಬೆಲೆ ಏರಿತೆಂಬ ಸಂತೋಷದಲ್ಲಿ ಈ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ದೊಡ್ಡ ಪ್ರವರ್ತಕನಿಗೆ ಕೊನೆಯಲ್ಲಿ ಪರಿಹಾರದ ಮಾತುಕತೆಗೆ ಒಂದು ಮೇಜು ಸಿಗಬಹುದು. ಸಣ್ಣ ವ್ಯಾಪಾರಿಗೆ ಅದು ಸಿಗುವುದಿಲ್ಲ.

ಸದಸ್ಯರಿಗೆ ಕೆಲವು ಸಲಹೆಗಳು

1. ಘೋಷಣೆ, ಒಡಂಬಡಿಕೆ, ಅನುಮತಿ, ಹಣಕಾಸಿನ ಖಚಿತತೆ, ಕಾಮಗಾರಿ ಇವು ಐದು ಬೇರೆ ಬೇರೆ ಹಂತಗಳು. ಯೋಜನೆ ಯಾವ ಹಂತದಲ್ಲಿದೆಯೆಂದು ಮೊದಲು ವಿಚಾರಿಸಿರಿ. ಒಡಂಬಡಿಕೆಯನ್ನು ಕಾಮಗಾರಿಯೆಂದು ಭಾವಿಸಬೇಡಿರಿ.

2. ಅನುಮತಿಪತ್ರಕ್ಕೆ ಗಡುವು ಮತ್ತು ಷರತ್ತುಗಳಿರುತ್ತವೆ. ಅವುಗಳ ಪ್ರತಿಯನ್ನು ಪಡೆದು ಓದಿರಿ. ಜಂಬೋ ಯೋಜನೆಯ ಪ್ರಮಾಣಪತ್ರ ಬಿದ್ದದ್ದು ಗಡುವಿನೊಳಗೆ ಕೆಲಸವಾಗದ ಕಾರಣಕ್ಕೆ.

3. ಯೋಜನೆಗಾಗಿ ಹಣ ಹೂಡಲೇಬೇಕೆನಿಸಿದರೆ ಸ್ವಂತ ಉಳಿತಾಯದ ಒಂದು ಭಾಗವನ್ನು ಮಾತ್ರ ಹೂಡಿರಿ. ಅಲ್ಪಾವಧಿ ಸಾಲವನ್ನಾಗಲಿ, ನಡೆಯುತ್ತಿರುವ ಅಂಗಡಿಯ ದುಡಿಯುವ ಬಂಡವಾಳವನ್ನಾಗಲಿ ಎಂದಿಗೂ ಮುಟ್ಟಬೇಡಿರಿ.

4. ಕ್ರಯಕ್ಕಿಂತ ಗೇಣಿ ಅಥವಾ ಮುಂಗಡ ಕರಾರು ಮೇಲು. ಇಂತಹ ದಿನದೊಳಗೆ ಕಾಮಗಾರಿ ಆರಂಭವಾಗದಿದ್ದರೆ ಕರಾರು ತಾನಾಗಿಯೇ ರದ್ದಾಗುವಂತೆ ಬರೆಸಿಕೊಳ್ಳಿರಿ.

5. ಎಷ್ಟು ವರ್ಷ ಕಾಯುವಿರೆಂಬುದನ್ನು ಹಣ ಹೂಡುವ ದಿನವೇ ಬರೆದಿಡಿರಿ. ಆ ದಿನ ಬಂದಾಗ ಹೊಸ ಸುದ್ದಿಗೆ ಕಿವಿಗೊಡದೆ ಹೊರಬನ್ನಿರಿ.

6. ಯೋಜನೆ ಬಂದರೂ ನಿಮ್ಮ ಮಳಿಗೆಯ ಬಾಡಿಗೆ ಮತ್ತು ನೌಕರರ ಸಂಬಳ ಏನಾಗುವುದೆಂದು ಲೆಕ್ಕ ಹಾಕಿರಿ. ಬಾಡಿಗೆದಾರರು ದೀರ್ಘಾವಧಿಯ ಕರಾರನ್ನು ಸುದ್ದಿ ಹಬ್ಬುವ ಮೊದಲೇ ಮಾಡಿಕೊಳ್ಳುವುದು ಕ್ಷೇಮ.

ಹಿಮನದಿಗಳು ಪ್ರತಿ ವರ್ಷ ಕರಗಿ ಹಿಂದೆ ಸರಿಯುತ್ತಿರುವ ಈ ಕಾಲದಲ್ಲಿ ಜಂಬೋ ಧಾಮವು ನಿರ್ಮಾಣವಾಗಿದ್ದರೂ ಬೇಸಿಗೆಯ ಆಟದ ಭರವಸೆ ಎಷ್ಟು ವರ್ಷ ಉಳಿಯುತ್ತಿತ್ತೆಂಬ ಪ್ರಶ್ನೆ ಇದ್ದೇ ಇದೆ. ಆ ಪ್ರಶ್ನೆಗೆ ಉತ್ತರಿಸಬೇಕಾದವರು ವಿಜ್ಞಾನಿಗಳು. ವರ್ತಕನು ಉತ್ತರಿಸಬೇಕಾದ ಪ್ರಶ್ನೆ ಇಷ್ಟೇ: ಯೋಜನೆ ಬಾರದೇ ಹೋದರೂ ನನ್ನ ಅಂಗಡಿ ನಡೆಯುವುದೇ? ಹೌದೆಂಬ ಉತ್ತರವಿದ್ದರೆ ಹೂಡಿಕೆಯ ವಿಚಾರ ಮಾಡಬಹುದು. ಇಲ್ಲವೆಂದಾದರೆ, ಲೆಕ್ಕಪುಸ್ತಕದಲ್ಲಿ ಇನ್ನೂ ಬಾರದ ಆದಾಯಕ್ಕೆ ಜಾಗವಿಲ್ಲವೆಂಬ ಹಳೆಯ ಪಾಠವನ್ನು ಇನ್ನೊಮ್ಮೆ ಓದುವುದು ಒಳಿತು.